ಪ್ರಯಾಣಪೂರ್ವ ಪ್ರವೇಶಪರೀಕ್ಷೆಯ ಗುಣದೋಷವಿಚಾರ

ಪರದೇಶಕ್ಕೆ ಹೋದವನನ್ನು ಅಲ್ಲಿಯ ಅಧಿಕಾರಿಗಳು ತಮ್ಮ ಬಾಗಿಲಲ್ಲಿ ನಿಲ್ಲಿಸಿ, ಪತ್ರಗಳನ್ನು ನೋಡಿ, ಪ್ರಶ್ನೆಗಳನ್ನು ಕೇಳಿ, ಒಳಗೆ ಬಿಡುವದೋ ಬಿಡದಿರುವದೋ ಎಂದು ನಿರ್ಣಯಿಸುವದು ಲೋಕರೂಢಿಯಾಗಿದೆ. ಈ ನಿರ್ಣಯವನ್ನು ಪ್ರಯಾಣಿಕನು ವಿಮಾನವನ್ನೇರುವ ಮೊದಲೇ, ಅನ್ಯರಾಜ್ಯದ ನೆಲದ ಮೇಲೆಯೇ ಮಾಡಿ ಮುಗಿಸುವ ಪದ್ಧತಿಯೊಂದು ಈಚಿನ ಏಳು ದಶಕಗಳಲ್ಲಿ ಬೆಳೆದುಬಂದಿದೆ. ಇದನ್ನು ಇಲ್ಲಿ ಪೂರ್ವಪರೀಕ್ಷೆಯೆಂದು ಕರೆಯಲಾಗುವದು. ಇದು ದೂರದ ರಾಜಕಾರಣದ ಮಾತೆಂದು ವಾಚಕರು ಉಪೇಕ್ಷಿಸತಕ್ಕದ್ದಲ್ಲ. ಬಬಲೇಶ್ವರ-ತಿಕೋಟಾ ಸೀಮೆಯ ಜೈನಾಪುರದಿಂದ ಮಗಳ ಬಾಣಂತನಕ್ಕೆಂದು ಅಮೇರಿಕೆಗೆ ಹೊರಟ ತಾಯಿಯೊಬ್ಬಳನ್ನು ದೃಷ್ಟಾಂತಕ್ಕೆ ತೆಗೆದುಕೊಳ್ಳಬಹುದು. ಆಕೆಯು ವೀಸಾಕ್ಕಾಗಿ ಮುಂಬಯಿಗೋ ಹೈದರಾಬಾದಿಗೋ ಚೆನ್ನೈಗೋ ಒಮ್ಮೆ ಅಲೆದಿರುವಳು. ಬಳಿಕ ಐನೂರು ಕಿಲೋಮೀಟರಿಗೂ ಮಿಕ್ಕ ದಾರಿಯನ್ನು ನಡೆದು ಬೆಂಗಳೂರಿಗೆ ಬಂದು, ಅಬುಧಾಬಿಯ ಮಾರ್ಗವಾಗಿ ನ್ಯೂಯಾರ್ಕಿಗೆ ಹೋಗುವ ವಿಮಾನವನ್ನು ಹಿಡಿದಳೆನ್ನಬೇಕು. ಅಮೇರಿಕೆಯ ಅಧಿಕಾರಿಯು ಆಕೆಗೆ ಎದುರಾಗುವದು ಅಮೇರಿಕೆಯಲ್ಲಲ್ಲ, ಅಬುಧಾಬಿಯಲ್ಲಿ. ಚೀಲದಲ್ಲಿಯ ಶೇಂಗಾ ಹಿಂಡಿ, ತಿಕೋಟೆಯ ಒಣದ್ರಾಕ್ಷಿಗಳ ವಿಚಾರಣೆಯೂ ಅಲ್ಲಿಯೇ ಆಗುವದು. ಅಲ್ಲಿ ಪಾರಾದರೆ ನ್ಯೂಯಾರ್ಕಿನಲ್ಲಿ ಆಕೆಯು ಒಳನಾಡಿನ ಪ್ರಯಾಣಿಕಳಂತೆ ಇಳಿದು ಹೊರಗೆ ನಡೆಯುವಳು. ಪಾರಾಗದಿದ್ದರೆ ಆಕೆಯ ಅವಸ್ಥೆಯೇನೆಂಬುದೇ ಪ್ರಕೃತ ಲೇಖನದ ವಿಷಯವು.

ಈ ಪದ್ಧತಿಯು ೧೯೫೨ರಲ್ಲಿ ಕೆನಡೆಯ ಟೊರೊಂಟೊ ವಿಮಾನನಿಲ್ದಾಣದಲ್ಲಿ ಮೊದಲಾಯಿತು. ಕ್ರಮೇಣ ಕೆನಡೆಯ ಇತರ ಪಟ್ಟಣಗಳಿಗೂ ಬರ್ಮುಡಾ, ಬಹಾಮಾ, ಅರೂಬಾ ದ್ವೀಪಗಳಿಗೂ ಹಬ್ಬಿತು. ಐರ್ಲಂಡದ ಶ್ಯಾನನ್ನಿನಲ್ಲಿ ೧೯೮೬ರಲ್ಲಿ ವಲಸೆಪರೀಕ್ಷೆಯು ಆರಂಭವಾಗಿ, ೨೦೦೯ರಲ್ಲಿ ಸುಂಕದ ಪರೀಕ್ಷೆಯೂ ಅದರೊಡನೆ ಕೂಡಿತು. ಏಶಿಯಾ ಖಂಡದಲ್ಲಿ ಇದು ಕಾಲಿಟ್ಟುದು ೨೦೧೪ರ ಜನವರಿಯಲ್ಲಿ, ಅಬುಧಾಬಿಯಲ್ಲಿ. ಅಲ್ಲಿಯ ವೆಚ್ಚದ ಬಹುಭಾಗವನ್ನು ಆ ರಾಜ್ಯವೇ ಹೊತ್ತುದರಿಂದಲೂ, ಅಮೇರಿಕೆಯ ವಿಮಾನಸಂಸ್ಥೆಗಳು ಆ ಊರಿಗೆ ಆಗ ಹೋಗುತ್ತಿರಲಿಲ್ಲವಾದುದರಿಂದಲೂ, ಇದು ಪರರ ವ್ಯಾಪಾರಕ್ಕೆ ಮಾಡಿದ ಉಪಕಾರವೆಂದು ಆ ಸಂಸ್ಥೆಗಳು ಕೂಗೆಬ್ಬಿಸಿದವು. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಕ್ಕೆ ೨೦೨೧ರ ಜನವರಿಯಲ್ಲಿ ನೇರ ವಿಮಾನವು ಆರಂಭವಾದಾಗ ಅದರಲ್ಲಿ ಹೋದವರ ಪರೀಕ್ಷೆಯು ಹಳೆಯ ರೂಢಿಯಂತೆ ಇಳಿದ ಮೇಲೆಯೇ ನಡೆಯಿತು.

ವೀಸಾ ಬೇರೆ, ಪೂರ್ವಪರೀಕ್ಷೆ ಬೇರೆ. ಈ ಎರಡನ್ನೂ ಒಂದೆಂದು ಭಾವಿಸುವವರೇ ಬಹಳ. ವೀಸಾ ಎಂಬುದು ಬಾಗಿಲವರೆಗೆ ಬರಲು ಕೊಟ್ಟ ಅನುಜ್ಞೆ. ಒಳಗೆ ಬರುವ ಹಕ್ಕಲ್ಲ. ಅಮೇರಿಕೆಯು ೧೯೨೪ರ ಕಾಯಿದೆಯಿಂದ ವಲಸೆಗಾರರು ತಮ್ಮ ದೇಶದಲ್ಲಿಯ ರಾಯಭಾರದ ಕಚೇರಿಯಲ್ಲಿಯೇ ವೀಸಾ ಪಡೆಯಬೇಕೆಂದು ಕಟ್ಟುಮಾಡಿತು. ಆದರೂ ಬಾಗಿಲ ಕಾವಲುಗಾರನ ಅಧಿಕಾರವು ಕುಂದಲಿಲ್ಲ. ಪೂರ್ವಪರೀಕ್ಷೆಯಲ್ಲಿ ಆ ಕಾವಲುಗಾರನೇ ಎದ್ದು ಪರದೇಶಕ್ಕೆ ಬಂದು ಕೂಡುವನು.

ಇದರ ಗುಣಗಳನ್ನು ಮೊದಲು ಹೇಳತಕ್ಕದ್ದು ನ್ಯಾಯವು. ದೂರ ಹೋದ ಮೇಲೆ ಬಾಗಿಲು ಮುಚ್ಚಿದರೆ ಆಗುವ ಅನರ್ಥಕ್ಕೆ ೧೯೧೪ರ ಕೊಮಾಗಾಟಾ ಮಾರು ಹಡಗಿನ ವೃತ್ತಾಂತವೇ ಸಾಕ್ಷಿ. ಅದರಲ್ಲಿದ್ದ ೩೭೬ ಮಂದಿ ಹಿಂದೀಯರಲ್ಲಿ ಕೆಲವರ ಹೊರತು ಉಳಿದವರನ್ನು ವ್ಯಾಂಕೂವರಿನಲ್ಲಿ ಇಳಿಯಗೊಡಲಿಲ್ಲ. ಎರಡು ತಿಂಗಳು ಬಂದರದ ನೀರಿನಲ್ಲಿಯೇ ನಿಂತು, ಕಡೆಗೆ ಹಿಂದಿರುಗಿ, ಸಪ್ಟೆಂಬರದಲ್ಲಿ ಕಲಕತ್ತೆಯ ಹತ್ತಿರದ ಬಜಬಜದಲ್ಲಿ ಇಳಿದಾಗ ಅವರ ಮೇಲೆ ಗುಂಡು ಹಾರಿತು, ಹಲವರು ಸತ್ತರು. ಇಂದು ಅಂಥ ಘೋರವಿಲ್ಲವಾದರೂ ಅಮೇರಿಕೆಯ ನಿಲ್ದಾಣದಲ್ಲಿ ತಡೆಯಲ್ಪಟ್ಟವನು ಒಂದು ಕೋಣೆಯಲ್ಲಿ ಕುಳಿತು ಮರುವಿಮಾನವನ್ನು ಕಾಯುವದಂತೂ ಇದೆ. ೧೯೯೬ರ ಕಾಯಿದೆಯಂತೆ ಅಲ್ಲಿಯ ಅಧಿಕಾರಿಯು ನ್ಯಾಯಾಧೀಶನ ಮುಂದೆ ನಿಲ್ಲಿಸದೆಯೇ ತ್ವರಿತವಾಗಿ ಹೊರಗಟ್ಟುವ ಆಜ್ಞೆಯನ್ನು ಬರೆಯಬಲ್ಲನು. ಅದಾದರೆ ಐದು ವರ್ಷ ಪುನಃಪ್ರವೇಶಕ್ಕೆ ತಡೆಯುಂಟು. ಪೂರ್ವಪರೀಕ್ಷೆಯಲ್ಲಿ ಪ್ರಯಾಣಿಕನು ಇನ್ನೂ ಆ ನೆಲವನ್ನು ತುಳಿದಿರುವದಿಲ್ಲವಾದುದರಿಂದ, ಅವನನ್ನು ವಿಮಾನ ಹತ್ತಗೊಡದಿರಬಹುದೇ ಹೊರತು ನೆಲದಿಂದ ಹೊರಗಟ್ಟುವ ಮಾತು ಹುಟ್ಟುವದಿಲ್ಲ. ಇದು ಸಣ್ಣ ಲಾಭವಲ್ಲ. ಇದರ ಮೇಲೆ, ಇಳಿದ ಕೂಡಲೆ ಇನ್ನೊಂದು ಊರಿನ ವಿಮಾನವನ್ನು ಹಿಡಿಯಬೇಕಾದವರಿಗೆ ಸಾಲಿನಲ್ಲಿ ನಿಂತು ಅದನ್ನು ಕಳೆದುಕೊಳ್ಳುವ ಭಯವು ತಪ್ಪುವದು. ಮಗಳೂ ಅಳಿಯನೂ ಹೊರಗೆ ಗಂಟೆಗಟ್ಟಲೆ ಕಾಯುವದೂ ತಪ್ಪುವದು.

ಇನ್ನು ಆಕ್ಷೇಪಗಳು. ಇವುಗಳ ಮೂಲವನ್ನು ತಿಳಿಯಲು ಕೌಟಿಲ್ಯನ ಅರ್ಥಶಾಸ್ತ್ರದತ್ತ ತಿರುಗುವದು ಪ್ರಯೋಜನಕರವು. ಮೈಸೂರಿನ ಪ್ರಾಚ್ಯಕೋಶಾಗಾರದಲ್ಲಿ ಆರ್. ಶಾಮಶಾಸ್ತ್ರಿಗಳು ಓಲೆಯ ಪ್ರತಿಯಿಂದ ಬೆಳಕಿಗೆ ತಂದು ೧೯೦೯ರಲ್ಲಿ ಅಚ್ಚುಹಾಕಿಸಿದ ಈ ಗ್ರಂಥದ ಎರಡನೆಯ ಅಧಿಕರಣದಲ್ಲಿ ಮುದ್ರಾಧ್ಯಕ್ಷನೆಂಬ ಅಧಿಕಾರಿಯ ಪ್ರಕರಣವಿದೆ. ಒಂದು ಮಾಷವನ್ನು ತೆಗೆದುಕೊಂಡು ಮುದ್ರೆಯನ್ನು ಕೊಡುವದು ಅವನ ಕೆಲಸ. ಮುದ್ರೆಯುಳ್ಳವನು ಜನಪದವನ್ನು ಹೊಗಲೂ ಹೊರಡಲೂ ಅರ್ಹನು. ಇಲ್ಲದ ಸ್ವದೇಶೀಯನಿಗೆ ಹನ್ನೆರಡು ಪಣದ ದಂಡ. ಕಳ್ಳಮುದ್ರೆಗೆ ಪೂರ್ವಸಾಹಸದಂಡ, ಅದನ್ನು ಹಿಡಿದವನು ಪರದೇಶೀಯನಾದರೆ ಉತ್ತಮಸಾಹಸದಂಡ. ಪ್ರಕೃತಕ್ಕೆ ಇದಕ್ಕಿಂತಲೂ ಸಮೀಪವಾದುದು ಅಂತಪಾಲನ ಕಾರ್ಯವು. ಗಡಿಯ ಕಾವಲಿನ ಈ ಅಧಿಕಾರಿಯು ಪರದೇಶದ ವರ್ತಕರ ಸಾರ್ಥವು ಬಂದಾಗ ಅದರ ಸರಕನ್ನು ಉತ್ತಮ-ಅಧಮವೆಂದು ಪರೀಕ್ಷಿಸಿ, ಗುರುತನ್ನೂ ಮುದ್ರೆಯನ್ನೂ ಕೊಟ್ಟು, ಒಳಗಿನ ಅಧ್ಯಕ್ಷನ ಕಡೆಗೆ ಕಳುಹಬೇಕು. ನಗರದ್ವಾರದ ಶುಲ್ಕಶಾಲೆಯಲ್ಲಿ ಆ ಮುದ್ರೆಯ ವಿಚಾರಣೆಯಾಗುವದು. ಮುದ್ರೆಯಿಲ್ಲದ ಸರಕಿಗೆ ಇಮ್ಮಡಿ ಸುಂಕ, ಕಳ್ಳಮುದ್ರೆಯದಕ್ಕೆ ಎಂಟುಮಡಿ.

ಇಲ್ಲಿ ಎರಡು ಸಂಗತಿಗಳು ಗಮನಾರ್ಹವಾಗಿವೆ. ಮೊದಲು ನೋಡುವವನೂ ಕಡೆಗೆ ನೋಡುವವನೂ ಒಬ್ಬನೇ ಅರಸನ ಸೇವಕರು. ಇಬ್ಬರೂ ಅವನ ನೆಲದಲ್ಲಿಯೇ ಇರುವವರು. ತಪ್ಪು ಮಾಡಿದರೆ ಇಬ್ಬರನ್ನೂ ಕೇಳುವ ಧರ್ಮಸ್ಥನೊಬ್ಬನೇ. ಎರಡನೆಯದಾಗಿ, ಗಡಿಯಲ್ಲಿ ಕೊಟ್ಟ ಮುದ್ರೆಗೆ ದ್ವಾರದಲ್ಲಿ ಬೆಲೆಯುಂಟು. ಅದು ಮುರಿಯದಿದ್ದರೆ ಸಾಗುವನು. ಇಂದಿನ ಪೂರ್ವಪರೀಕ್ಷೆಯನ್ನು ಈ ಎರಡು ಒರೆಗಲ್ಲಿಗೆ ತಿಕ್ಕಿ ನೋಡಬೇಕು.

ಮೊದಲಿನ ಒರೆಗಲ್ಲು ನೆಲದ್ದು. ಪರದೇಶದ ಅಧಿಕಾರಿಯು ಅನ್ಯರ ನೆಲದಲ್ಲಿ ಕುಳಿತಾಗ ಅವನ ಕೈ ಎಲ್ಲಿಯವರೆಗೆ ಚಾಚಬಹುದು? ಕೆನಡೆಯು ಈ ಪ್ರಶ್ನೆಗೆ ಕಾಯಿದೆಯಿಂದಲೇ ಉತ್ತರವನ್ನು ಕೊಟ್ಟಿದೆ: ಪರೀಕ್ಷೆಯು ಅಮೇರಿಕೆಯ ವಲಸೆಕಾಯಿದೆಯ ಮೇರೆಗೆ, ಆದರೆ ನೆಲವೂ ಪ್ರಜೆಯ ಮೂಲಹಕ್ಕುಗಳೂ ಕೆನಡೆಯವು. ಅಲ್ಲಿಯ ೧೯೯೯ರ ಕಾಯಿದೆಯಂತೆ, ಪ್ರಶ್ನೆಗಳು ಸರಿಬರದಿದ್ದರೆ ಪ್ರಯಾಣಿಕನು ‘ಹೋಗುವದಿಲ್ಲ’ ಎಂದು ಎದ್ದು ಬರಬಹುದಾಗಿತ್ತು. ೨೦೧೯ರ ಅಗಸ್ಟದಲ್ಲಿ ಜಾರಿಗೆ ಬಂದ ಹೊಸ ಕಾಯಿದೆಯು, ಹಾಗೆ ಎದ್ದವನನ್ನೂ ಅವನಾರು, ಏಕೆ ಎದ್ದನೆಂದು ಕೇಳುವ ಅಧಿಕಾರವನ್ನು ಪರರ ಅಧಿಕಾರಿಗೆ ಕೊಟ್ಟಿತು. ಇದರ ಮೇಲೆ ಅಲ್ಲಿ ವಾದವಿವಾದಗಳೆದ್ದುದು ಸಹಜವೇ ಆಗಿದೆ. ಐರ್ಲಂಡವೂ ೨೦೦೯ರಲ್ಲಿ ಇದಕ್ಕಾಗಿ ಪ್ರತ್ಯೇಕ ಕಾಯಿದೆಯನ್ನು ಮಾಡಿತು. ಅಲ್ಲಿಯ ಪ್ರಜೆಗೆ ತಡೆಯಾದರೆ ಅವನು ತನ್ನ ಊರಲ್ಲಿರುವನು; ಸಾಯಂಕಾಲಕ್ಕೆ ಮನೆಯನ್ನು ಸೇರಿ, ಮರುದಿನ ವಕೀಲನನ್ನು ಕಾಣುವನು.

ಜೈನಾಪುರದ ತಾಯಿಯ ಮಾತು ಹಾಗಲ್ಲ. ಅಬುಧಾಬಿಯು ಆಕೆಯ ಊರೂ ಅಲ್ಲ, ಮಗಳ ಊರೂ ಅಲ್ಲ. ‘ಹೊರಡುವ ಮುನ್ನ’ ಎಂಬ ಹೆಸರು ಆಕೆಯ ಪಾಲಿಗೆ ಸುಳ್ಳು. ಆಕೆ ಹೊರಟು ಅರ್ಧದಾರಿ ಕಳೆದಿದ್ದಾಳೆ. ಕೇಳುವವನು ಒಂದು ರಾಜ್ಯದವನು, ನೆಲವು ಎರಡನೆಯದರದು, ಆಕೆ ಮೂರನೆಯದರ ಪ್ರಜೆ. ಆಕೆಗೆ ಬರುವದು ಕನ್ನಡವೊಂದೇ. ‘ಎಷ್ಟು ದಿನ ಇರುವಿರಿ? ಕೂಸನ್ನು ನೋಡಿಕೊಳ್ಳಲು ಯಾರಾದರೂ ಹಣ ಕೊಡುವರೇ?’ ಎಂಬ ಪ್ರಶ್ನೆಯ ಒಳಗುಟ್ಟು ಆಕೆಗೆ ತಿಳಿಯದು. ಸಂದರ್ಶಕಿಯ ವೀಸಾದ ಮೇಲೆ ಬಂದು ಕೂಲಿಕೆಲಸ ಮಾಡುವಳೋ ಎಂಬುದು ಅಧಿಕಾರಿಯ ಸಂಶಯ. ಮೊಮ್ಮಗನನ್ನು ಎರೆಯುವದು ಕೆಲಸವಲ್ಲದೆ ಮತ್ತೇನೆಂಬುದು ಆಕೆಯ ಸರಳ ಉತ್ತರ. ಪೂರ್ವಪರೀಕ್ಷೆಯ ಗುಣಗಳೆಂದು ಮೇಲೆ ಹೇಳಿದವುಗಳಲ್ಲಿ ಮುಖ್ಯವಾದ ಗೃಹಸಾಮೀಪ್ಯವು ಇಲ್ಲಿ ಅರ್ಧಕ್ಕೆ ಅರ್ಧ ಕರಗುವದು. ಕನ್ನಡಿಗರಿಗೆ ಈ ಪದ್ಧತಿಯು ಇಂದಿನವರೆಗೆ ದೊರೆತುದು ಈ ಮೂರನೆಯ ನೆಲದ ರೂಪದಲ್ಲಿ ಎಂಬುದನ್ನು ಇದರ ಸ್ತುತಿಕಾರರು ಮರೆಯುತ್ತಾರೆ.

ಪರರ ಅನುಜ್ಞೆಯಿಲ್ಲದೆ ತನ್ನ ದಾರಿಯಲ್ಲಿ ತಾನು ನಡೆಯಲಾಗದ ಅವಸ್ಥೆಯು ವಿಜಾಪುರಕ್ಕೆ ಹೊಸದಲ್ಲ. ೧೫೧೦ರಲ್ಲಿ ಆದಿಲಶಾಹಿಯಿಂದ ಗೋವೆಯನ್ನು ಕಸಿದುಕೊಂಡ ಪೋರ್ತುಗೀಜರು ಸಮುದ್ರದಲ್ಲಿ ಸಾಗುವ ಹಡಗುಗಳೆಲ್ಲ ತಮ್ಮಿಂದ ‘ಕಾರ್ತಾಜ್’ ಎಂಬ ರಹದಾರಿಯನ್ನು ಪಡೆಯಬೇಕೆಂದು ನಿರ್ಬಂಧಿಸಿದರು. ದಾಭೋಳದಿಂದ ಮಕ್ಕೆಯ ಯಾತ್ರಿಕರನ್ನೂ ಸರಕನ್ನೂ ಹೊತ್ತು ಕೆಂಪುಸಮುದ್ರಕ್ಕೆ ಹೋಗುವ ವಿಜಾಪುರದ ಹಡಗುಗಳಿಗೂ ಇದು ತಪ್ಪಲಿಲ್ಲ. ರಹದಾರಿಯಿಲ್ಲದ ಹಡಗು ಅವರ ಕೈಗೆ ಸಿಕ್ಕರೆ ಸರಕು ಹೋಯಿತೆಂದೇ ಲೆಕ್ಕ. ಆ ಪತ್ರದ ಮೇಲೆ ಮೇರಿ-ಏಸುಗಳ ಚಿತ್ರವಿರುವದರಿಂದ ಅದನ್ನು ಹಿಡಿದು ಹಜ್ಜಕ್ಕೆ ಹೋಗುವದು ಯುಕ್ತವಲ್ಲವೆಂಬ ಚರ್ಚೆಯು ಅಕಬರನ ಆಸ್ಥಾನದ ಧರ್ಮಪಂಡಿತರಲ್ಲಿ ನಡೆದುದು ಇತಿಹಾಸಪ್ರಸಿದ್ಧವು. ಕಾರ್ತಾಜನ್ನೂ ಇಂದಿನ ಪೂರ್ವಪರೀಕ್ಷೆಯನ್ನೂ ಸಮವೆನ್ನುವದು ಅನ್ಯಾಯವಾದೀತು. ಅದು ತೋಪಿನ ಬಲದಿಂದ ಬಂದುದು, ಇದು ಉಭಯರಾಜ್ಯಗಳ ಒಪ್ಪಂದದಿಂದ. ಆದರೆ ಯಾತ್ರಿಕನ ಕಡೆಯಿಂದ ನೋಡಿದರೆ ಒಂದು ಸಾಮ್ಯವುಂಟು: ಒಪ್ಪಂದ ಮಾಡಿಕೊಂಡವರು ಯಾರೋ, ಬಾಗಬೇಕಾದವನು ಇವನು.

ಎರಡನೆಯ ಒರೆಗಲ್ಲು ಮುದ್ರೆಯ ಬೆಲೆಯದು. ಇದಕ್ಕೆ ಕರ್ನಾಟಕದಲ್ಲಿಯೇ ಒಂದು ಪ್ರತ್ಯಕ್ಷ ಉದಾಹರಣೆಯಿದೆ. ಅದು ಮನುಷ್ಯರದಲ್ಲ, ಮಾವಿನ ಹಣ್ಣಿನದು. ೨೦೦೭ರಿಂದ ಭಾರತದ ಮಾವು ಅಮೇರಿಕೆಗೆ ಹೋಗುತ್ತಿದೆ. ಹಣ್ಣಿನ ನೊಣವೂ ಗೊರಟೆಯನ್ನು ಕೊರೆಯುವ ಹುಳುವೂ ಅದರೊಡನೆ ಹೋಗದಂತೆ, ಹಣ್ಣುಗಳನ್ನು ಹೊರಡುವ ಮೊದಲೇ ವಿಕಿರಣಕ್ಕೆ ಒಡ್ಡಬೇಕು. ಅಮೇರಿಕೆಯ ಕೃಷಿಖಾತೆಯ ಪರೀಕ್ಷಕನು ಇಲ್ಲಿಗೇ ಬಂದು ಅದನ್ನು ಕಣ್ಣಾರೆ ಕಂಡು ಪತ್ರವನ್ನು ಕೊಡಬೇಕು. ಇಂಥ ವಿಕಿರಣಶಾಲೆಗಳಲ್ಲೊಂದು ಕೋಲಾರ ಜಿಲ್ಲೆಯ ಮಾಲೂರಿನಲ್ಲಿದೆ. ಹಣ್ಣಿನ ಮಟ್ಟಿಗೆ ಇದು ಪೂರ್ವಪರೀಕ್ಷೆಯೇ ಸರಿ. ಇದರಿಂದ ಆದ ಉಪಕಾರವನ್ನು ಅಲ್ಲಗಳೆಯಲಾಗದು. ಇದಿಲ್ಲದೆ ಅಲ್ಲಿಯ ಪೇಟೆಯ ಬಾಗಿಲೇ ತೆರೆಯುತ್ತಿರಲಿಲ್ಲ. ಆದರೆ ಕೋವಿಡ್ ರೋಗದಿಂದ ಪರೀಕ್ಷಕರು ಬರಲಾರದಾದಾಗ ೨೦೨೦, ೨೦೨೧ನೆಯ ವರ್ಷಗಳಲ್ಲಿ ಹಣ್ಣು ಹೋಗಲೇ ಇಲ್ಲ. ಮರದಲ್ಲಿ ದೋಷವಿಲ್ಲ, ಹಣ್ಣಿನಲ್ಲಿ ದೋಷವಿಲ್ಲ. ನೋಡುವವನು ಬರಲಿಲ್ಲ, ಅಷ್ಟೇ. ೨೦೨೨ರಲ್ಲಿ ವ್ಯಾಪಾರವು ಪುನಃ ಆರಂಭವಾಗುವಾಗ ಈ ಮೇಲ್ವಿಚಾರಣೆಯನ್ನು ಹಂತಹಂತವಾಗಿ ಭಾರತದ ಅಧಿಕಾರಿಗಳಿಗೇ ಒಪ್ಪಿಸತಕ್ಕದ್ದೆಂದು ಉಭಯ ಸರಕಾರಗಳು ಒಪ್ಪಿಕೊಂಡವು.

ಇದಕ್ಕಿಂತಲೂ ಬೋಧಪ್ರದವಾದುದು ೨೦೨೫ರ ಮೇ ತಿಂಗಳ ಘಟನೆ. ನವಿಮುಂಬಯಿಯ ವಿಕಿರಣಶಾಲೆಯಲ್ಲಿ ಸಂಸ್ಕಾರ ಹೊಂದಿ, ಅಲ್ಲಿದ್ದ ಅಮೇರಿಕೆಯ ಪರೀಕ್ಷಕನ ಪತ್ರವನ್ನು ಪಡೆದೇ ಹೋದ ಹದಿನೈದು ಸರಕುಗಳನ್ನು ಲಾಸ್ ಏಂಜಲಿಸ್, ಸ್ಯಾನ್ ಫ್ರಾನ್ಸಿಸ್ಕೊ, ಅಟ್ಲಾಂಟಾ ನಿಲ್ದಾಣಗಳಲ್ಲಿ ತಡೆದರು. ಪತ್ರವು ಸರಿಯಾಗಿ ಬರೆಯಲ್ಪಟ್ಟಿಲ್ಲವೆಂಬುದೇ ಕಾರಣ. ಹಿಂದಕ್ಕೆ ಒಯ್ಯಿರಿ, ಇಲ್ಲವೆ ನಾಶಮಾಡಿರಿ ಎಂದಾಯಿತು. ಹಿಂದಕ್ಕೆ ತರುವ ಖರ್ಚು ಹಣ್ಣಿನ ಬೆಲೆಯನ್ನು ಮೀರುವದರಿಂದ ವರ್ತಕರು ನಾಶಕ್ಕೇ ಒಪ್ಪಿದರು. ಐದು ಲಕ್ಷ ಡಾಲರಿನಷ್ಟು ನಷ್ಟವಾಯಿತೆಂದು ಅವರು ಲೆಕ್ಕಹಾಕಿದರು. ಅಂತಪಾಲನ ಮುದ್ರೆಯು ಸರಿಯಿಲ್ಲವೆಂದು ಶುಲ್ಕಾಧ್ಯಕ್ಷನು ಹೇಳಿದನು; ದಂಡವನ್ನು ತೆತ್ತವನು ಮಾತ್ರ ಮುದ್ರೆಯನ್ನು ನಂಬಿ ನಡೆದ ಸಾರ್ಥವಾಹನು. ಮನುಷ್ಯರ ಪೂರ್ವಪರೀಕ್ಷೆಯಲ್ಲಿಯೂ ಈ ಬೀಜವಿದೆ. ಪಾರಾಗಿ ಬಂದವರನ್ನು ಸಾಮಾನ್ಯವಾಗಿ ಪುನಃ ಪರೀಕ್ಷಿಸದಿದ್ದರೂ ಹಾಗೆ ಪರೀಕ್ಷಿಸುವ ಅಧಿಕಾರವನ್ನು ಅಮೇರಿಕೆಯು ಬಿಟ್ಟುಕೊಟ್ಟಿಲ್ಲ.

ಒಪ್ಪಂದವೂ ಅಧಿಕಾರಿಯೂ ಇಲ್ಲದ ಇನ್ನೊಂದು ಪೂರ್ವಪರೀಕ್ಷೆಯು ಬೇರೆ ಇದೆ; ಅದನ್ನು ಮಾಡುವವರು ವಿಮಾನಸಂಸ್ಥೆಯವರು. ಪ್ರವೇಶ ಸಿಕ್ಕದವನನ್ನು ತಿರುಗಿ ಹೊತ್ತು ತರುವ ಹೊಣೆಯು ತಮ್ಮ ಮೇಲೆ ಬೀಳುವದೆಂಬ ಭಯದಿಂದ ಅವರು ಸಂಶಯ ಬಂದವರನ್ನು ಹತ್ತಗೊಡುವದಿಲ್ಲ. ೨೦೧೫ರ ಡಿಸೆಂಬರದಲ್ಲಿ ಹೈದರಾಬಾದಿನಿಂದ ಕ್ಯಾಲಿಫೋರ್ನಿಯಕ್ಕೆ ಓದಲು ಹೊರಟ ಹಲವರು ವಿದ್ಯಾರ್ಥಿಗಳನ್ನು, ಅವರ ಕೈಯಲ್ಲಿ ವೀಸಾ ಇದ್ದರೂ, ಹೀಗೆ ನಿಲ್ಲಿಸಿದರು. ಇದನ್ನು ನೋಡಿದರೆ, ಹೆಸರು ಮೊಹರುಗಳುಳ್ಳ ಅಧಿಕಾರಿಯೊಬ್ಬನು ಎದುರಿಗೆ ಕುಳಿತು ನಿರಾಕರಿಸುವದೇ ಲೇಸೆನ್ನಬೇಕಾಗುವದು.

ಆದಕಾರಣ ಬೆಂಗಳೂರಿನಂಥ ನಿಲ್ದಾಣದಲ್ಲಿಯೇ ಇಂಥ ಪರೀಕ್ಷೆಯು ನಡೆಯುವದಾದರೆ ಅದು ಅಬುಧಾಬಿಯದಕ್ಕಿಂತ ಮೇಲಾದುದೆಂಬುದರಲ್ಲಿ ಸಂದೇಹವಿಲ್ಲ. ತಡೆಯಲ್ಪಟ್ಟ ತಾಯಿಯು ರಾತ್ರಿಯ ಬಸ್ಸನ್ನು ಹಿಡಿದು ಊರನ್ನು ಸೇರಬಹುದು. ಆದರೆ ಅದಕ್ಕೆ ಒಪ್ಪಂದವೊಂದೇ ಸಾಲದು. ಕೆನಡಾ, ಐರ್ಲಂಡಗಳಂತೆ ಇಲ್ಲಿಯ ಪಾರ್ಲಿಮೆಂಟೂ ಪ್ರತ್ಯೇಕ ಕಾಯಿದೆಯನ್ನು ಮಾಡಿ, ಪರರ ಅಧಿಕಾರಿಗೆ ಕೇಳುವ ಅಧಿಕಾರವನ್ನಷ್ಟೇ ಕೊಟ್ಟು, ಹಿಡಿದಿಡುವ ಅಧಿಕಾರವನ್ನು ಇಲ್ಲಿಯ ಪೋಲೀಸರಲ್ಲಿಯೇ ಉಳಿಸಿಕೊಳ್ಳಬೇಕು. ಎದ್ದು ಬರುವವನಿಗೆ ೧೯೯೯ರ ಕೆನಡೆಯ ಕಾಯಿದೆಯಲ್ಲಿದ್ದಷ್ಟು ಸ್ವಾತಂತ್ರ್ಯವಿರಬೇಕು. ನಿರಾಕರಣದ ಕಾರಣವನ್ನು ಬರೆದು ಕೊಡಬೇಕು. ಇಲ್ಲಿ ಕೊಟ್ಟ ಮುದ್ರೆಯಲ್ಲಿ ಅಧಿಕಾರಿಯದೇ ತಪ್ಪು ಕಂಡುಬಂದರೆ ಅದರ ನಷ್ಟವು ಪ್ರಯಾಣಿಕನ ತಲೆಗೆ ಬರಬಾರದು. ಮತ್ತು ಆ ಮೇಜಿನ ಬಳಿ ಕನ್ನಡವನ್ನು ಬಲ್ಲ ದುಭಾಷಿಯೊಬ್ಬನು ಇರಬೇಕು.