ಸೈಡ್‌ಕಾರ್ ಸ್ಕೂಟರಿನ ಹ್ಯಾಂಡಲ್ ನಡುಗಿದಾಗ

ಕಳೆದ ಮಳೆಗಾಲ ಮುಗಿದ ಮೇಲಿನ ಒಂದು ಭಾನುವಾರ. ಯಕ್ಷಗಾನ ನೋಡಲೆಂದು ಎಂಬತ್ತು ದಾಟಿದ ಅಮ್ಮನನ್ನು ಸೈಡ್‌ಕಾರಿನಲ್ಲಿ ಕೂರಿಸಿಕೊಂಡು ಡೊಂಬಿವಲಿಯ ಮನೆಯಿಂದ ಹೊರಟಿದ್ದೆ. ವೇಗ ಮೂವತ್ತರ ಹತ್ತಿರ ಬರುತ್ತಲೇ ಹ್ಯಾಂಡಲ್ ಎಡಕ್ಕೂ ಬಲಕ್ಕೂ ಪಟಪಟನೆ ಹೊಡೆದುಕೊಳ್ಳತೊಡಗಿತು. ಹಿಂದಿನಿಂದ ಬಸ್ಸಿನ ಹಾರ್ನ್ ಬೇರೆ. ಅಮ್ಮ ಎದುರಿನ ಸರಳನ್ನು ಎರಡೂ ಕೈಗಳಿಂದ ಹಿಡಿದುಕೊಂಡು "ಮೆಲ್ಲ ಹೋಗು ಮಗಾ" ಎಂದರು. ಹೇಗೋ ಬದಿಗೆ ತಂದು ನಿಲ್ಲಿಸಿದೆ. ಆ ದಿನ ನಾವು ಹಾಲ್ ಸೇರಿದ್ದು ರಿಕ್ಷಾದಲ್ಲಿ.

ಸ್ಕೂಟರ್ ನಮ್ಮ ತೀರ್ಥರೂಪರದ್ದು. ಸ್ಕೂಟರಿಗೆ ಬುಕ್ ಮಾಡಿ ವರ್ಷಗಟ್ಟಲೆ ಕಾಯುತ್ತಿದ್ದ ಕಾಲವನ್ನು ಕಂಡವರು ಅವರು. ಸಂಸಾರ ಬೆಳೆದಾಗ ಕಾರು ಕೊಳ್ಳುವ ಶಕ್ತಿಯಿಲ್ಲದೆ ಎಡಬದಿಗೆ ಸೈಡ್‌ಕಾರ್ ಜೋಡಿಸಿದ್ದರು. ಮುಂಬಯಿ, ಪುಣೆಯ ಎಷ್ಟೋ ಮಧ್ಯಮ ವರ್ಗದ ಮನೆಗಳ ಕಥೆ ಇದೇ. ಸೈಡ್‌ಕಾರ್ ಎಂದೊಡನೆ ಈಗಿನ ಮಕ್ಕಳಿಗೆ ನೆನಪಾಗುವುದು ನಮ್ಮ ರಾಮನಗರದ ಬಂಡೆಗಳ ನಡುವೆ ಚಿತ್ರೀಕರಣವಾದ 1975ರ 'ಶೋಲೆ' ಮಾತ್ರ. ಮನೆಯಲ್ಲಿ ಎಲ್ಲರೂ "ಗುಜರಿಗೆ ಹಾಕಿ" ಎಂದರು. ಆದರೆ ಅಪ್ಪನ ಗಾಡಿಯಲ್ಲಿ ಕುಳಿತು ಹೋಗುವಾಗ ಅಮ್ಮನಿಗಾಗುವ ಸಂತೋಷ ಬೇರೆಯೇ. ಸರಿಪಡಿಸಲು ಸಾಧ್ಯವೇ ಎಂದು ನೋಡದೆ ಕೊಡಲು ಮನಸ್ಸು ಬರಲಿಲ್ಲ.

ಮೊದಲು ಹೋದ ಗ್ಯಾರೇಜಿನಲ್ಲಿ ಕೋನ್ ಸೆಟ್ ಬದಲಾಯಿಸಿದರು. ನಡುಕ ನಿಲ್ಲಲಿಲ್ಲ. ಎರಡನೆಯ ಬಾರಿ ಅದನ್ನೇ ಬಿಗಿಯಾಗಿ ತಿರುಗಿಸಿ "ಈಗ ಅಲುಗಾಡಲ್ಲ" ಎಂದರು. ಅಲುಗಾಡಲಿಲ್ಲ ನಿಜ, ಹ್ಯಾಂಡಲ್ ತಿರುಗಲೂ ಇಲ್ಲ! ಕೋನ್ ಸೆಟ್ ಸಡಿಲವಿದ್ದರೆ ಹ್ಯಾಂಡಲ್ ಹೊಡೆದುಕೊಳ್ಳುತ್ತದೆ, ಅತಿಯಾಗಿ ಬಿಗಿದರೆ ಗಾಡಿ ಹಾವಿನಂತೆ ಓಲಾಡುತ್ತದೆ. ಮುಂದಿನ ಚಕ್ರವನ್ನು ಎತ್ತಿ ನಿಲ್ಲಿಸಿದಾಗ ಹ್ಯಾಂಡಲ್ ಎಲ್ಲಿಯೂ ಸಿಕ್ಕಿಕೊಳ್ಳದೆ ತಿರುಗಬೇಕು, ಹಿಂದೆ ಮುಂದೆ ಜಗ್ಗಿದರೆ ಕಟಕಟ ಅನ್ನಬಾರದು. ಪರೀಕ್ಷೆ ಇಷ್ಟೇ.

ಕೊನೆಗೆ ದಾರಿ ತೋರಿಸಿದವರು ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರು. ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ನಿವೃತ್ತರಾದವರು. "ಖರ್ಚಿಲ್ಲದ್ದನ್ನು ಮೊದಲು ನೋಡಿ ಮಾರಾಯ್ರೆ" ಎಂದರು. ಲೆಜರ್ ತಾಳೆಯಾಗದಿದ್ದರೆ ಮೊದಲು ಕೂಡಿಸಿದ್ದನ್ನೇ ಮತ್ತೊಮ್ಮೆ ನೋಡುವ ನಮಗೆ ಈ ಬುದ್ಧಿ ಹೊಳೆಯಬೇಕಿತ್ತು. ಮೂರೂ ಟಯರ್‌ಗಳ ಗಾಳಿ ನೋಡಿದರು. ಮುಂದಿನದರಲ್ಲಿ ತೀರಾ ಕಡಿಮೆ ಇತ್ತು. ಸೈಡ್‌ಕಾರ್ ಇರುವ ಗಾಡಿ ತಿರುವಿನಲ್ಲಿ ಬಾಗುವುದಿಲ್ಲವಾದ್ದರಿಂದ ಟಯರ್ ನಡುಭಾಗದಲ್ಲೇ ಸವೆದು ಚಪ್ಪಟೆಯಾಗುತ್ತದೆ. ನಮ್ಮದು ಹಾಗೇ ಆಗಿತ್ತು, ಬದಲಾಯಿಸಿದೆವು.

ನಿಜವಾದ ತಪ್ಪು ಸಿಕ್ಕಿದ್ದು ಎರಡು ನೇರವಾದ ಹಲಗೆಗಳಿಂದ. ಸೊಸೈಟಿಯ ಸಮತಟ್ಟಾದ ಅಂಗಳದಲ್ಲಿ ಗಾಡಿ ನಿಲ್ಲಿಸಿ, ಇಟ್ಟಿಗೆ ತುಂಡುಗಳ ಮೇಲೆ ಒಂದು ಹಲಗೆಯನ್ನು ಸ್ಕೂಟರಿನ ಎರಡೂ ಚಕ್ರಗಳ ಬದಿಗೆ ತಾಗಿಸಿದರು, ಇನ್ನೊಂದನ್ನು ಸೈಡ್‌ಕಾರಿನ ಚಕ್ರಕ್ಕೆ. ಮುಂದಿನ ಚಕ್ರದ ಮುಂದೆ ಒಮ್ಮೆ, ಹಿಂದಿನ ಚಕ್ರದ ಹಿಂದೆ ಒಮ್ಮೆ ಹಲಗೆಗಳ ನಡುವಿನ ಅಂತರವನ್ನು ಟೇಪಿನಿಂದ ಅಳೆದರು. ಮುಂದಿನ ಅಂತರ ಹಿಂದಿನದಕ್ಕಿಂತ 10ರಿಂದ 20 ಮಿಲಿಮೀಟರ್ ಕಡಿಮೆ ಇರಬೇಕಂತೆ. ಅಂದರೆ ಸೈಡ್‌ಕಾರಿನ ಚಕ್ರ ಸ್ವಲ್ಪ ಒಳಮುಖವಾಗಿರಬೇಕು. ನಮ್ಮದರಲ್ಲಿ ಮುಂದಿನ ಅಂತರವೇ ಹೆಚ್ಚು! ಮಳೆಗಾಲದ ಯಾವುದೋ ಹೊಂಡಕ್ಕೆ ಬಿದ್ದು ಕ್ಲಾಂಪ್ ಜಾರಿತ್ತು. ಚಕ್ರ ಹೊರಮುಖವಾಗಿ ಗಾಡಿಯನ್ನು ಸದಾ ಎಡಕ್ಕೆ ಎಳೆಯುತ್ತಿತ್ತು, ನಾನು ಹ್ಯಾಂಡಲ್ ಬಲಕ್ಕೆ ಒತ್ತಿಹಿಡಿದು ಓಡಿಸುತ್ತಿದ್ದೆ. ಭುಜ ನೋಯುತ್ತಿದ್ದುದಕ್ಕೆ ವಯಸ್ಸು ಕಾರಣ ಅಂದುಕೊಂಡಿದ್ದೆ.

ಕ್ಲಾಂಪ್ ಸಡಿಲಿಸಿ, ಸರಿಸಿ, ಮತ್ತೆ ಅಳೆದು ಬಿಗಿಯುವಷ್ಟರಲ್ಲಿ ಮಧ್ಯಾಹ್ನವಾಯಿತು. ಬಳಿಕ ನನ್ನನ್ನು ಸೀಟಿನಲ್ಲೂ ಅಮ್ಮನನ್ನು ಸೈಡ್‌ಕಾರಿನಲ್ಲೂ ಕೂರಿಸಿ ಸ್ಕೂಟರ್ ನೆಟ್ಟಗಿದೆಯೇ ನೋಡಿದರು. ಅದು ಸೈಡ್‌ಕಾರಿನ ಕಡೆಗೆ ವಾಲಿರಬಾರದು, ಒಂದೆರಡು ಡಿಗ್ರಿಯಷ್ಟು ಬಲಕ್ಕೆ ಬಾಗಿದ್ದರೆ ಒಳ್ಳೆಯದು. ಖಾಲಿ ಗಾಡಿಯಲ್ಲಿ ಅಳೆದ ಲೆಕ್ಕ ಭಾರ ಬಿದ್ದೊಡನೆ ತಪ್ಪಿಹೋಗುತ್ತದೆ.

ಇಷ್ಟಾದರೂ ಕಡಿಮೆ ವೇಗದಲ್ಲಿ ಹ್ಯಾಂಡಲ್ ಸಡಿಲ ಹಿಡಿದರೆ ಸಣ್ಣ ನಡುಕ ಇದ್ದೇ ಇದೆ. ಎರಡು ಚಕ್ರದಲ್ಲಿ ಬಾಗಿ ತಿರುಗಲೆಂದು ಮಾಡಿದ ಗಾಡಿಗೆ ಮೂರನೆಯದನ್ನು ಕಟ್ಟಿದ್ದೇವೆ, ಸ್ವಲ್ಪ ಮುನಿಸು ಸಹಜ. ಬುಲೆಟ್‌ನಂಥ ಭಾರಿ ಬೈಕಿಗೆ ಸೈಡ್‌ಕಾರ್ ಕಟ್ಟುವವರು ನಡುಕ ತಡೆಯಲು ಸ್ಟೀರಿಂಗ್ ಡ್ಯಾಂಪರ್ ಹಾಕಿಸುತ್ತಾರೆ. ಅಳತೆ ಸರಿಪಡಿಸದೆ ಡ್ಯಾಂಪರ್ ಹಾಕಿಸಿದರೆ ರೋಗ ಮುಚ್ಚಿಹೋಗುತ್ತದೆಯೇ ಹೊರತು ವಾಸಿಯಾಗುವುದಿಲ್ಲ ಎಂಬುದು ಫಿಟ್ಟರ್ ಮಹಾಶಯರ ಅಭಿಪ್ರಾಯ. ನನಗೂ ಅದೇ ಸರಿ ಕಂಡಿತು. ನಡುಕ ಬಂದರೆ ಗಾಬರಿಯಿಂದ ಬ್ರೇಕ್ ಅದುಮದೆ, ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದು, ಎಕ್ಸಲರೇಟರ್ ಮೆಲ್ಲಗೆ ಇಳಿಸಬೇಕು.

ಓಡಿಸುವ ಅಭ್ಯಾಸವನ್ನೂ ಹೊಸದಾಗಿ ಕಲಿಯಬೇಕಾಯಿತು. ಎಕ್ಸಲರೇಟರ್ ಕೊಟ್ಟರೆ ಎಡಕ್ಕೆ, ಬ್ರೇಕ್ ಹಾಕಿದರೆ ಬಲಕ್ಕೆ ಎಳೆಯುತ್ತದೆ. ನಿಜವಾದ ಅಪಾಯ ಎಡ ತಿರುವಿನಲ್ಲಿ: ವೇಗ ಹೆಚ್ಚಿದ್ದು ಸೈಡ್‌ಕಾರ್ ಖಾಲಿ ಇದ್ದರೆ ಅದರ ಚಕ್ರ ನೆಲ ಬಿಟ್ಟು ಮೇಲೇಳುತ್ತದೆ. ಅಮ್ಮ ಇಲ್ಲದ ದಿನ ನಾನು 25 ಕಿಲೋ ಅಕ್ಕಿಯ ಮೂಟೆ ಇಟ್ಟುಕೊಂಡೇ ಹೊರಡುವುದು. ನೆರೆಯವರು ನಗುತ್ತಾರೆ, ನಗಲಿ.

ಹಳೆಯ ಸೈಡ್‌ಕಾರ್ ಸ್ಕೂಟರ್ ಕೊಳ್ಳಹೊರಟವರಿಗೆ ಇನ್ನೊಂದು ಮಾತು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ ಗಾಡಿಯಲ್ಲಿ ಮಾಡಿದ ಇಂಥ ಬದಲಾವಣೆಗೆ ಆರ್‌ಟಿಒ ಮಂಜೂರಾತಿ ಬೇಕು. ಆರ್‌ಸಿ ಪುಸ್ತಕದಲ್ಲಿ ಸೈಡ್‌ಕಾರ್ ನಮೂದಾಗಿದೆಯೇ ನೋಡಿಯೇ ಹಣ ಕೊಡಿ. ನಮ್ಮದರಲ್ಲಿ ಅಪ್ಪ ಅಂದೇ ಮಾಡಿಸಿಟ್ಟಿದ್ದರು.

ಮುಂದಿನ ಯಕ್ಷಗಾನಕ್ಕೆ ಅಮ್ಮ ಸೈಡ್‌ಕಾರಿನಲ್ಲೇ ಬಂದರು. ದಾರಿಯುದ್ದಕ್ಕೂ ಸರಳು ಹಿಡಿದುಕೊಂಡೇ ಇದ್ದರು. ವಾಪಸು ಬರುವಾಗ ಮಾತ್ರ ತೂಕಡಿಸುತ್ತಿದ್ದರು.