ಪಡುವಣ ಕಾಡಿನ ಸಿದ್ದಿಗಳು

ಕುಂದಗೋಳ ತಾಲೂಕಿನ ಯರಗುಪ್ಪಿಯ ಸುತ್ತಲಿನದು ಎರೆಯ ನೆಲ. ಹತ್ತಿ, ಜೋಳ, ಮೆಣಸಿನಕಾಯಿಗಳು ಬೆಳೆಯುವ ಈ ಬಯಲಿನಲ್ಲಿ ಮರದ ನೆರಳು ವಿರಳ. ಇಲ್ಲಿಂದ ಪಡುವಣಕ್ಕೆ ಹೊರಟವನು ಹುಬ್ಬಳ್ಳಿಯನ್ನು ದಾಟಿ ಕಾರವಾರದ ಹೆದ್ದಾರಿಯನ್ನು ಹಿಡಿದರೆ, ಕಲಘಟಗಿಯ ಆಚೆ ನೆಲದ ಬಣ್ಣವೇ ಬದಲಾಗುವುದನ್ನು ಕಾಣುವನು. ಎರೆ ಮುಗಿದು ಕೆಮ್ಮಣ್ಣು, ಬಯಲು ಮುಗಿದು ಕಾಡು. ಈ ಕಾಡಿನ ಅಂಚಿನ ಊರುಗಳಲ್ಲಿ ಗುಂಗುರುಗೂದಲಿನ, ಕಪ್ಪು ಮೈಬಣ್ಣದ ಜನರು ಅಚ್ಚ ಕನ್ನಡದಲ್ಲಿ ಮಾತನಾಡುವುದನ್ನು ಕೇಳಿ ಪರಸ್ಥಳದವರು ಬೆರಗಾಗುವುದುಂಟು. “ಇವರು ಎಲ್ಲಿಯವರು?” ಎಂಬುದು ಅವರ ಮೊದಲ ಪ್ರಶ್ನೆ. “ಇಲ್ಲಿಯವರೇ” ಎಂಬುದು ಅದಕ್ಕೆ ತಕ್ಕ ಉತ್ತರ. ತಲೆತಲಾಂತರದಿಂದ ಈ ಮಣ್ಣಿನಲ್ಲಿ ಬಾಳಿದ ಸಿದ್ದಿಗಳಿಗೆ ಆ ಉತ್ತರವನ್ನು ಕಾಗದದ ಮೇಲೆ ಪಡೆಯಲು ಮಾತ್ರ ಬಹುಕಾಲ ಕಾಯಬೇಕಾಯಿತು.

ಸಿಂಹಾಸನದ ಬಳಿ, ಸಂಕೋಲೆಯ ಬಳಿ

ಆಫ್ರಿಕದಿಂದ ಕನ್ನಡ ನಾಡಿಗೆ ಬಂದವರ ಇತಿಹಾಸದಲ್ಲಿ ಎರಡು ದಾರಿಗಳಿವೆ. ಒಂದು ದಖ್ಖನದ ಸುಲ್ತಾನರ ಆಸ್ಥಾನಗಳಿಗೆ ಹೋದದ್ದು. ಅಬಿಸೀನಿಯದಿಂದ ಬಂದವರೆಂದು ಅಲ್ಲಿ ಅವರನ್ನು ‘ಹಬಶಿ’ಗಳೆಂದು ಕರೆಯುತ್ತಿದ್ದರು. ಆದಿಲಶಾಹಿಯ ಎರಡನೆಯ ಇಬ್ರಾಹಿಮನು ಬಾಲಕನಾಗಿದ್ದಾಗ ವಿಜಾಪುರದ ಆಡಳಿತದ ಸೂತ್ರ ಹಿಡಿದವರಲ್ಲಿ ದಿಲಾವರ್ ಖಾನನೆಂಬ ಹಬಶಿಯೂ ಒಬ್ಬ. ದಾಸನಾಗಿ ಕೈಯಿಂದ ಕೈಗೆ ಮಾರಾಟವಾಗುತ್ತ ಬಂದ ಮಲಿಕ್ ಅಂಬರನು ಅಹಮದನಗರದ ಪ್ರಧಾನನಾಗಿ, 1626ರಲ್ಲಿ ತೀರಿಕೊಳ್ಳುವವರೆಗೂ ಮೊಗಲರ ಸೈನ್ಯಕ್ಕೆ ತಡೆಗೋಡೆಯಾಗಿ ನಿಂತದ್ದು ಶಾಲೆಯ ಮಕ್ಕಳೂ ಓದುವ ಸಂಗತಿ.

ಎರಡನೆಯ ದಾರಿ ಗೋವೆಯದು. ಪೋರ್ಚುಗೀಸರು ಮೊಜಾಂಬಿಕ್ ಮುಂತಾದ ಪೂರ್ವ ಆಫ್ರಿಕದ ತೀರಗಳಿಂದ ಮನುಷ್ಯರನ್ನು ಹಡಗುಗಳಲ್ಲಿ ತುಂಬಿ ತಂದು ಗೋವೆಯ ಪೇಟೆಯಲ್ಲಿ ಮಾರಿದರು. ಆ ದಾಸ್ಯದಿಂದ ತಪ್ಪಿಸಿಕೊಂಡವರು ಸಹ್ಯಾದ್ರಿಯ ಕಾಡುಗಳನ್ನು ಹೊಕ್ಕರು. ಇಂದು ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ, ಕಲಘಟಗಿ, ಖಾನಾಪುರಗಳಲ್ಲಿ ಇರುವ ಸಿದ್ದಿಗಳಲ್ಲಿ ಬಹುಮಂದಿ ಇಂಥವರ ವಂಶದವರೆಂಬುದು ವಿದ್ವಾಂಸರ ಅಭಿಪ್ರಾಯ. ಆಸ್ಥಾನದ ಹಬಶಿಗೆ ಚರಿತ್ರೆಯ ಪುಟ ದೊರೆಯಿತು. ಕಾಡಿಗೆ ಓಡಿಬಂದವನಿಗೆ ಹೆಸರೂ ಉಳಿಯಲಿಲ್ಲ. ಅವನು ಉಳಿಸಿಕೊಂಡದ್ದು ತನ್ನ ಸ್ವಾತಂತ್ರ್ಯವನ್ನು.

ಸಿದ್ದಿಗಳಲ್ಲಿ ಹಿಂದೂಗಳು, ಮುಸಲ್ಮಾನರು, ಕ್ರೈಸ್ತರು ಮೂವರೂ ಇದ್ದಾರೆ. ಮನೆಯಲ್ಲಿ ಕೊಂಕಣಿ, ಸಂತೆಯಲ್ಲಿ ಕನ್ನಡ ಎಂಬುದು ಅನೇಕರ ರೂಢಿ. ದೇವರು ಬೇರೆಯಾದರೂ ಗತಿಸಿದ ಹಿರಿಯರನ್ನು ನೆನೆದು ಪೂಜಿಸುವ ಪದ್ಧತಿಯು ಮತಗಳ ಎಲ್ಲೆಯನ್ನು ದಾಟಿ ಅವರನ್ನು ಒಂದು ಕುಲವಾಗಿ ಹಿಡಿದಿದೆ. ಡಮಾಮಿಯ ಬಡಿತಕ್ಕೆ ಮೂವರ ಕಾಲೂ ಒಂದೇ ಹೆಜ್ಜೆ ಹಾಕುತ್ತದೆ.

ಜಿಲ್ಲೆಯ ಗೆರೆ

2003ರಲ್ಲಿ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಆದರೆ ಆ ಪಟ್ಟಿಯಲ್ಲಿ ‘ಉತ್ತರ ಕನ್ನಡ ಜಿಲ್ಲೆಯಲ್ಲಿ’ ಎಂಬ ಒಂದು ಮಾತಿತ್ತು. ಕಾಡಿಗೆ ಜಿಲ್ಲೆಯ ಗೆರೆ ತಿಳಿಯದು, ಬೀಗತನಕ್ಕೂ ತಿಳಿಯದು. ಯಲ್ಲಾಪುರದ ಅಣ್ಣನ ಮಕ್ಕಳಿಗೆ ದೊರೆತ ವಿದ್ಯಾರ್ಥಿವೇತನ, ವಸತಿನಿಲಯ, ನೌಕರಿಯ ಮೀಸಲಾತಿಗಳು ಕಲಘಟಗಿಯ ಸಿದ್ದಿ ಮನೆತನಕ್ಕೆ ಕೊಟ್ಟ ತಂಗಿಯ ಮಕ್ಕಳಿಗೆ ದೊರೆಯಲಿಲ್ಲ. ಒಂದೇ ಅಜ್ಜಿಯ ಮೊಮ್ಮಕ್ಕಳಲ್ಲಿ ಸರಕಾರದ ಕಡತವು ಭೇದವೆಣಿಸಿತು.

ನಷ್ಟವು ಶಾಲೆಯ ಮಟ್ಟಿಗೆ ನಿಲ್ಲಲಿಲ್ಲ. 2006ರ ಅರಣ್ಯ ಹಕ್ಕು ಕಾಯಿದೆಯ ಪ್ರಕಾರ, 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಕಾಡಿನ ನೆಲದಲ್ಲಿ ಸಾಗುವಳಿ ಮಾಡುತ್ತ ಬಂದ ಪರಿಶಿಷ್ಟ ಪಂಗಡದವರು 4 ಹೆಕ್ಟೇರಿನವರೆಗೆ ಹಕ್ಕನ್ನು ಕೇಳಬಹುದು. ಪಟ್ಟಿಯ ಹೊರಗಿನ ಅರಣ್ಯವಾಸಿಗಳಾದರೋ, ಅದಕ್ಕೂ ಹಿಂದಿನ ಮೂರು ತಲೆಮಾರಿನ, ಎಂದರೆ 75 ವರ್ಷಗಳ ವಾಸವನ್ನು ಸಿದ್ಧಪಡಿಸಿ ತೋರಿಸಬೇಕು. ಯಾರ ಕಣ್ಣಿಗೂ ಬೀಳದಿರಲೆಂದೇ ಕಾಡು ಸೇರಿದವರ ವಂಶಕ್ಕೆ 75 ವರ್ಷಗಳ ದಾಖಲೆ ಎಲ್ಲಿಂದ ಬರಬೇಕು?

ಧಾರವಾಡ, ಬೆಳಗಾವಿ ಜಿಲ್ಲೆಗಳ ಸಿದ್ದಿಗಳನ್ನೂ ಪಟ್ಟಿಗೆ ಸೇರಿಸುವ ತಿದ್ದುಪಡಿಯನ್ನು ಸಂಸತ್ತು ಅಂಗೀಕರಿಸಿ, 2020ರಲ್ಲಿ ಅದು ಕಾಯಿದೆಯಾಯಿತು. ಹದಿನೇಳು ವರ್ಷಗಳು ಕಳೆದಿದ್ದವು. 2003ರಲ್ಲಿ ಒಂದನೆಯ ಇಯತ್ತೆಗೆ ಸೇರಿದ ಮಗುವು ಅಷ್ಟರಲ್ಲಿ ಓದಿನ ವಯಸ್ಸನ್ನೇ ದಾಟಿತ್ತು. ಅದೇ 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡು, ಕರ್ನಾಟಕದ ಶಾಸನಸಭೆಯನ್ನು ಪ್ರವೇಶಿಸಿದ ಮೊದಲ ಸಿದ್ದಿಯೆನಿಸಿದರು.

ಕಡಲಾಚೆಯ ಕೈಗಳು

ಅಮೇರಿಕ ಖಂಡಗಳಲ್ಲಿ ಆಫ್ರಿಕ ಮೂಲದವರು ಸುಮಾರು 20 ಕೋಟಿ ಇರುವರೆಂದು ವಿಶ್ವಸಂಸ್ಥೆಯ ಎಣಿಕೆ. ಅವರ ಮಾನ್ಯತೆ, ನ್ಯಾಯ, ಅಭಿವೃದ್ಧಿಗಳಿಗಾಗಿ ಆ ಸಂಸ್ಥೆಯು 2015ರಿಂದ 2024ರವರೆಗಿನ ದಶಕವನ್ನು ಮೀಸಲಿಟ್ಟಿತು. 2025ರಿಂದ ಎರಡನೆಯ ದಶಕವು ನಡೆದಿದೆ. ನ್ಯೂಯಾರ್ಕಿನ ಸಭೆಯ ಈ ಮಾತಿಗೂ ಕಲಘಟಗಿಯ ಗುಡಿಸಲಿಗೂ ಏನು ನಂಟು ಎಂದು ಕೇಳುವವರಿಗೆ ಕೌದಿಯೇ ಉತ್ತರ ಹೇಳೀತು.

ಹಳೆಯ ಸೀರೆ, ಅಂಗಿಗಳ ತುಂಡುಗಳಿಂದ ಕೌದಿ ಹೊಲಿಯುವುದು ಬಯಲುಸೀಮೆಯ ಹೆಣ್ಣುಮಕ್ಕಳಿಗೆ ಹೊಸತಲ್ಲ. ಸಿದ್ದಿ ಸ್ತ್ರೀಯರ ಕೌದಿಗೆ ಮೂಲೆಗಳಲ್ಲಿ ‘ಫೂಲ’ ಎಂಬ ಮುಕ್ಕೋನದ ಹೂಗಳಿರಬೇಕು. ಇಲ್ಲವಾದರೆ ಕೌದಿ ಬೆತ್ತಲೆಯೆಂದು ಅವರ ಭಾವನೆ. ಅಮೇರಿಕದ ಕಲಾವಿದ್ವಾಂಸರಾದ ಹೆನ್ರಿ ಡ್ರೂವಾಲರು ಈ ಕೈಗೆಲಸಕ್ಕೆ ಮನಸೋತು, ಹೊಲಿಯುವವರ ಸಹಕಾರ ಸಂಘಕ್ಕೆ ನೆರವಾದರು. 2011ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್ ಬಡಾವಣೆಯ ಶೋಂಬರ್ಗ್ ಕೇಂದ್ರದಲ್ಲಿ ಈ ಕೌದಿಗಳ ಪ್ರದರ್ಶನ ನಡೆಯಿತು. ದಾಸ್ಯದ ಹಡಗುಗಳು ಪಶ್ಚಿಮಕ್ಕೆ ಒಯ್ದವರ ಮಕ್ಕಳು, ಪೂರ್ವಕ್ಕೆ ಒಯ್ದವರ ಮಕ್ಕಳ ಹೊಲಿಗೆಯನ್ನು ನೋಡಲು ಅಲ್ಲಿ ಅವಕಾಶವಾಯಿತು.

ಇದಕ್ಕೂ ಮೊದಲು, 1980ರ ದಶಕದಲ್ಲಿ, ಹೆಗ್ಗೋಡಿನ ನೀನಾಸಮ್ ಸಂಸ್ಥೆಯ ಆಶ್ರಯದಲ್ಲಿ ಚಿದಂಬರರಾವ್ ಜಂಬೆಯವರು ಮಂಚೀಕೇರಿಯ ಸಿದ್ದಿಗಳಿಂದ ನಾಟಕವೊಂದನ್ನು ಆಡಿಸಿದರು. ಅದು ನೈಜೀರಿಯದ ಚಿನುವ ಅಚಿಬೆಯ ಹೆಸರಾಂತ ಕಾದಂಬರಿಯ ಕನ್ನಡ ರೂಪ. ಆಫ್ರಿಕದ ಕಥೆಯೊಂದು ಕನ್ನಡವಾಗಿ ಆಫ್ರಿಕ ಮೂಲದವರ ಬಾಯಲ್ಲಿ ನುಡಿಯಿತು.

ಇನ್ನು ಉಳಿದದ್ದು

ಪ್ರದರ್ಶನದ ಕೀರ್ತಿಯಿಂದ ಹೊಟ್ಟೆ ತುಂಬದು. ಪಟ್ಟಿಗೆ ಸೇರಿದ ಮಾತ್ರಕ್ಕೆ ಪ್ರಮಾಣಪತ್ರವು ಮನೆಬಾಗಿಲಿಗೆ ನಡೆದು ಬಾರದು. ಕೂಲಿಯ ದಿನವನ್ನು ಕಳೆದುಕೊಂಡು ತಾಲೂಕು ಕಚೇರಿಗೆ ಅಲೆಯುವ ಶಕ್ತಿ ಎಲ್ಲರಿಗೂ ಇಲ್ಲ. ತರಗತಿಯಲ್ಲಿ ಕೂದಲನ್ನು ಕಂಡು ನಗುವ ಗೆಳೆಯರಿದ್ದರೆ ಮಗುವಿಗೆ ವಿದ್ಯಾರ್ಥಿವೇತನವೂ ರುಚಿಸದು. ಅಲ್ಲಿ ಬೇಕಾದದ್ದು ಗುರುಗಳ ಒಂದು ಗದರಿಕೆ, ಮನೆಯಲ್ಲಿ ತಾಯ್ತಂದೆಗಳ ಒಂದು ಬುದ್ಧಿಮಾತು.

ಅರಣ್ಯ ಹಕ್ಕಿನ ಅರ್ಜಿಯ ವಿಚಾರಣೆಯು ಮೊದಲಾಗುವುದು ಗ್ರಾಮಸಭೆಯಲ್ಲಿ. ಕಾಗದಪತ್ರಗಳ ಜೊತೆಗೆ, ಅರ್ಜಿದಾರರಲ್ಲದ ಊರ ಹಿರಿಯರು ಹೇಳಿ ಬರೆಯಿಸಿದ ಮಾತನ್ನೂ ನಿಯಮಗಳು ಪುರಾವೆಯೆಂದು ಒಪ್ಪುತ್ತವೆ. “ಈ ಹೊಲವನ್ನು ಇವನ ಅಜ್ಜ ಉಳುತ್ತಿದ್ದುದನ್ನು ನಾನು ಕಂಡಿದ್ದೇನೆ” ಎಂದು ನೆರೆಯವನೊಬ್ಬ ಸಭೆಯಲ್ಲಿ ಎದ್ದು ನಿಂತು ಹೇಳಿದರೆ ಅದಕ್ಕೆ ಬೆಲೆಯಿದೆ. ಹಿರಿಯರನ್ನು ಪೂಜಿಸುವ ಜನಕ್ಕೆ ಹಿರಿಯರ ನುಡಿಯೇ ಆಸರೆಯಾಗಬಲ್ಲ ಇಂಥ ಸಂದರ್ಭದಲ್ಲಿ, ನೆರೆಹೊರೆಯವರು ಬಾಯಿಮುಚ್ಚಿ ಕುಳಿತುಕೊಳ್ಳಬಾರದು.