ಖಡ್ಗದ ನಿಯಮವೂ ಬೇಗೂರಿನ ವೀರಗಲ್ಲೂ

ಪಾತ್ರ ವಹಿಸಿ ಆಡುವ ಮೇಜಿನ ಆಟಗಳಲ್ಲಿ ಆಯುಧದ ಪೆಟ್ಟನ್ನು ದಾಳದಿಂದ ನಿರ್ಣಯಿಸುವುದು ವಾಡಿಕೆ. 1974ರ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಆಟದಲ್ಲಿ ಎಲ್ಲ ಆಯುಧಗಳಿಗೂ ಆರು ಮುಖದ ಒಂದೇ ದಾಳವಿದ್ದಿತು. 1975ರ ‘ಗ್ರೇಹಾಕ್’ ಪುರವಣಿಯು, ಮನುಷ್ಯಗಾತ್ರದ ಎದುರಾಳಿಯ ಮೇಲೆ ಕಠಾರಿಗೆ ಒಂದರಿಂದ ನಾಲ್ಕು, ಖಡ್ಗಕ್ಕೆ ಒಂದರಿಂದ ಎಂಟು ಎಂದು ವಿಧಿಸಿತು. ಸರಾಸರಿ ಪೆಟ್ಟು ಕ್ರಮವಾಗಿ 2.5 ಮತ್ತು 4.5 ಆಯಿತು.

ಇದು ವಾಸ್ತವಕ್ಕೆ ಸಮೀಪವೆಂದು ತೋರಿದರೂ ಕಠಾರಿಯನ್ನು ಆರಿಸಲು ಕಾರಣವೇ ಉಳಿಯದು. ಮೈಗೆ ಮೈ ತಾಗುವ ಇಕ್ಕಟ್ಟಿನಲ್ಲಿಯಾದರೋ ನೀಳವಾದ ಖಡ್ಗವನ್ನು ಬೀಸಲು ಎಡೆಯಿರುವುದಿಲ್ಲ. ಆದುದರಿಂದ ದೂರದಲ್ಲಿ ಖಡ್ಗಕ್ಕೆ, ಇಕ್ಕಟ್ಟಿನಲ್ಲಿ ಕಠಾರಿಗೆ ಮೇಲುಗೈ ನೀಡುವ ಒಂದೇ ನಿಯಮವು ಹತ್ತಾರು ಕೋಷ್ಟಕಗಳಿಗಿಂತ ಉಪಯುಕ್ತವಾದುದು.

ಪೆಟ್ಟಿನಷ್ಟೇ ಅದರ ಪರಿಣಾಮವೂ ವಿಚಾರಾರ್ಹ. ದಂಡುಪ್ರದೇಶದಲ್ಲಿ 1865ರಲ್ಲಿ ಆರಂಭವಾದ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದ ಸಂಗ್ರಹದಲ್ಲಿ ಬೇಗೂರಿನ ವೀರಗಲ್ಲಿದೆ. ಗಂಗ ಅರಸನಾದ ಎರೆಯಪ್ಪನ ಆಜ್ಞೆಯಂತೆ ಅಯ್ಯಪದೇವನ ನೆರವಿಗೆ ಹೋದ ನಾಗತ್ತರನು, ವೀರಮಹೇಂದ್ರನೊಡನೆ ತುಂಬೆಪಾಡಿಯಲ್ಲಿ ನಡೆದ ಕಾಳಗದಲ್ಲಿ ಮಡಿದನು. ಬಳಿಕ ಅರಸನು ಇರುಗನಿಗೆ ನಾಗತ್ತರ ಪಟ್ಟವನ್ನು ಕಟ್ಟಿ, ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟನು. ಮಡಿದವನ ಪಟ್ಟವು ಮತ್ತೊಬ್ಬನಿಗೆ ಸಂದರೂ ಮಡಿದವನು ಮರಳಲಿಲ್ಲ. ಖಡ್ಗದ ತೂಕವನ್ನು ಸ್ಥೂಲವಾಗಿ ಗಣಿಸಿದರೆ ಆಟಕ್ಕೆ ಹಾನಿಯಿಲ್ಲ. ಸಾವನ್ನು ಹಗುರವಾಗಿ ಗಣಿಸಿದರೆ ವೀರಕ್ಕೇ ಅರ್ಥವಿಲ್ಲದಂತಾಗುವುದು.